ಹಾಸನದಲ್ಲಿ ಸತ್ತ ಪ್ರಧಾನಿ

ಎವರೆಟ್, ಮೂರನೆಯ ದಿನ

ಅಮೆರಿಕದ ಎವರೆಟ್‌ ಊರಿಗೆ ಬಂದ ಮೂರನೆಯ ದಿನ ನಾನು ಒಂದು ದೀಪದ ಕಂಬದ ಮುಂದೆ ಬಹಳ ಹೊತ್ತು ನಿಂತಿದ್ದೆ. ಕಂಬಕ್ಕೆ ಬೆಕ್ಕಿನ ಚಿತ್ರವಿದ್ದ ಕಾಗದ ಅಂಟಿಸಿದ್ದರು. ಬೂದು ಬಣ್ಣ, ಬಲಗಿವಿ ಹರಿದಿದೆ, ಕಾಣೆಯಾಗಿದೆ, ಕಂಡವರು ತಿಳಿಸಿ. ಅದರ ಮೇಲೆ ಅಡ್ಡಲಾಗಿ ಇನ್ನೊಂದು ಹೊಸ ಚೀಟಿ: ಸಿಕ್ಕಿತು, ಕ್ಷೇಮವಾಗಿದೆ, ಹುಡುಕಿದವರಿಗೆ ವಂದನೆ. ಮುಂದಿನ ಕಂಬಕ್ಕೆ ಹೋದೆ. ಅಲ್ಲೂ ಅದೇ ಬೆಕ್ಕು, ಅದೇ ಚೀಟಿ. ಆ ಬೀದಿಯ ಹನ್ನೊಂದು ಕಂಬಗಳನ್ನೂ ನೋಡಿಬಂದೆ. ಒಂದನ್ನೂ ಬಿಟ್ಟಿರಲಿಲ್ಲ. ಬೆಕ್ಕಿನ ಮನೆಯವರು ಆ ಚಳಿಯಲ್ಲಿ ಇನ್ನೊಮ್ಮೆ ಹೊರಟು, ಒಂದೊಂದು ಕಂಬದ ಬುಡಕ್ಕೂ ನಡೆದು, ತಮ್ಮ ಹಳೆಯ ಸುದ್ದಿಯನ್ನು ತಾವೇ ತಿದ್ದಿ ಹೋಗಿದ್ದರು. ಒಂದು ದೇಶದ ಪ್ರಧಾನಿಯ ವಿಷಯದಲ್ಲೂ ನಾನು ಅಷ್ಟು ಮಾಡಲಿಲ್ಲ.

ಅಮೆರಿಕ ನೋಡಿಬಂದವರು ಅಲ್ಲಿನ ರಸ್ತೆ, ಅಂಗಡಿ, ಹಿಮದ ಬೆಟ್ಟಗಳ ಬಗ್ಗೆ ಬರೆದದ್ದನ್ನು ನೀವು ಓದಿರುತ್ತೀರಿ. ಆ ಬೆಟ್ಟಗಳು ನನಗೂ ಕಂಡವು. ಆದರೆ ನಾನು ಹೋದದ್ದು ಒಬ್ಬ ಮನುಷ್ಯನನ್ನು ಕಾಣಲು. ನನ್ನ ತಂಗಿಯ ಮಗಳು ಭಾರತಿ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾದ ಮಾವನನ್ನು ಎರಡು ತಿಂಗಳು ಇಟ್ಟುಕೊಳ್ಳಬೇಕೆಂಬ ಆಸೆಯಿಂದ ಅವಳು ಕರೆದಳು. ಅಲ್ಲಿಂದ ಒಂದು ಗಂಟೆ ದಾರಿಯ ಇಸ್ಸಾಕ್ವಾದಲ್ಲಿ ಕೇಶವಯ್ಯನವರು ಮಗಳ ಮನೆಯಲ್ಲಿದ್ದಾರೆಂದು ತಿಳಿದ ಮೇಲೆ ನಾನು ಒಪ್ಪಿದೆ. ಅವರಿಗೆ ಎಂಬತ್ತು, ನನಗೆ ಎಪ್ಪತ್ತೆರಡು. ಅವರಿಗೆ ಹೇಳಬೇಕಾದ ಒಂದು ಮಾತು ಮೂವತ್ತು ವರ್ಷಕ್ಕೂ ಮೀರಿ ನನ್ನಲ್ಲೇ ಉಳಿದಿತ್ತು.

ನನ್ನ ಓದು ಎಸ್ಸೆಸ್ಸೆಲ್ಸಿ. ಹಾಸನದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಆಗ ಇನ್ನೂ ಸೀಸದ ಅಚ್ಚುಮೊಳೆ ಜೋಡಿಸಿಯೇ ಅಚ್ಚು ಹಾಕುತ್ತಿದ್ದೆವು. ಕೆಳಗೆ ಅಚ್ಚುಮನೆ, ಮಹಡಿಯಲ್ಲಿ ಸಂಪಾದಕರು, ನಡುವೆ ಹದಿನಾಲ್ಕು ಮೆಟ್ಟಿಲು. ಟೆಲಿಪ್ರಿಂಟರಿನಲ್ಲಿ ಬಂದ ಪರದೇಶದ ಸುದ್ದಿಯನ್ನು ಕನ್ನಡಕ್ಕೆ ತರುತ್ತಿದ್ದವರು ಉಪಸಂಪಾದಕ ಕೇಶವಯ್ಯ. ಬರೆದ ಹಾಳೆಯ ಬಲ ಮೇಲ್ತುದಿಯಲ್ಲಿ ಅವರು 'ಕೇ' ಎಂದು ಹಾಕುತ್ತಿದ್ದರು. ಕರಡು ಓದಿದ ಮೇಲೆ ಅದೇ ಹಾಳೆಯ ಎಡ ಕೆಳತುದಿಯಲ್ಲಿ ನಾನು 'ಸಿ' ಎಂದು ಹಾಕಬೇಕು. ಎರಡೂ ಬಿದ್ದ ಸುದ್ದಿ ಅಚ್ಚಿಗೆ ಹೋಗುತ್ತಿತ್ತು.

ಯುಗೊಸ್ಲಾವಿಯಾ ಒಡೆದು ಕ್ರೊಯೇಷಿಯಾದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಹಾಸನದಲ್ಲಿ ಆ ದೇಶದ ಗೊಡವೆ ಯಾರಿಗೂ ಇರಲಿಲ್ಲ, ಕೇಶವಯ್ಯನವರಿಗೆ ಬಿಟ್ಟು. ಅಲ್ಲಿ ಹೊಸದಾಗಿ ಪ್ರಧಾನಿಯಾದವರು ರಸಾಯನಶಾಸ್ತ್ರದ ಎಂಜಿನಿಯರ್, ವ್ಯಾಪಾರ ಸಂಸ್ಥೆಯಲ್ಲಿ ದುಡಿದವರು. ಯುದ್ಧ ಬಾಗಿಲಿಗೆ ಬಂದಾಗ, ಒಂದಕ್ಕೊಂದು ಆಗದ ಪಕ್ಷಗಳನ್ನೆಲ್ಲ ಒಂದೇ ಮಂತ್ರಿಮಂಡಲದಲ್ಲಿ ಕೂರಿಸಿಕೊಂಡು ಸರ್ಕಾರ ನಡೆಸುವ ಭಾರ ಅವರ ಮೇಲೆ ಬಿದ್ದಿತ್ತು. "ನೋಡ್ರೀ ಸಿದ್ದರಾಜು, ಸಿಪಾಯಿ ಅಲ್ಲ, ಭಾಷಣ ಹೊಡಿಯೋನಲ್ಲ. ಯಾವುದಕ್ಕೆ ಯಾವುದು ಎಷ್ಟು ಬೆರೆಸ್ಬೇಕು ಅಂತ ಗೊತ್ತಿರೋ ಮನುಷ್ಯ," ಎಂದು ಕೇಶವಯ್ಯ ಕಾಫಿ ಕುಡಿಯುತ್ತಾ ಹೇಳುತ್ತಿದ್ದರು. ಆತನ ಸುದ್ದಿ ಎರಡೇ ಸಾಲು ಬಂದರೂ ಬಿಡುತ್ತಿರಲಿಲ್ಲ.

ಎರಡು ಮೂರು ತಿಂಗಳು ಕಳೆದಿರಬೇಕು, ಒಂದು ಸಂಜೆ ಆ ದೇಶದ ರಾಜಧಾನಿಯ ಅರಮನೆಯ ಮೇಲೆ ವಿಮಾನದಿಂದ ಬಾಂಬು ಹಾಕಿದ ಸುದ್ದಿ ಬಂತು. ಕೇಶವಯ್ಯ ಆರು ಸಾಲು ಬರೆದುಕೊಟ್ಟು ಆಸ್ಪತ್ರೆಗೆ ಹೋದರು. ಅವರ ಹೆಂಡತಿಗೆ ಆಪರೇಷನ್ ಆಗಿತ್ತು, ನಾಲ್ಕು ದಿನದಿಂದ ಅವರಿಗೆ ನಿದ್ದೆ ಇರಲಿಲ್ಲ. ಆ ದಿನ ಬೆಳಿಗ್ಗೆ, ನಾನು ಬಿಟ್ಟ ಒಂದು ತಪ್ಪಿಗಾಗಿ ಅವರು ಅಚ್ಚುಮನೆಯವರೆಲ್ಲರ ಎದುರು ನನ್ನನ್ನು ಬೈದಿದ್ದರು. ಆ ಸಿಟ್ಟಿನಲ್ಲಿ ನಾನು ಅವರ ಸುದ್ದಿಯ ಕರಡನ್ನು ಓದದೆಯೇ 'ಸಿ' ಹಾಕಿದೆ. ಹಾಳೆ ಮೇಲೆ ಹೋಗಿ ಅವರ ಮೇಜಿನ ಮೇಲಿನ, ಹಾಳೆ ಚುಚ್ಚಿಡುವ ಸೂಜಿಗೆ ಸೇರಿತು. ಆಮೇಲೆ ಪುಟ ಕಟ್ಟುವಾಗ ಮೊಳೆ ಜೋಡಿಸುವ ಕಂಪಾಸಿಟರನ ಕೈ ಜಾರಿ, ಅದೇ ಸುದ್ದಿಯ ತಲೆಬರಹದ ಅರ್ಧವೂ ಕೊನೆಯ ಎರಡು ಸಾಲೂ ನೆಲಕ್ಕೆ ಉದುರಿದವು.

"ಸಿದ್ದರಾಜಣ್ಣ, ಪ್ರಧಾನಿ ಏನಾದ ಅಂತಿತ್ತು?" ಎಂದು ಅವನು ಕೇಳಿದ.

ಹದಿನಾಲ್ಕು ಮೆಟ್ಟಿಲು ಹತ್ತಿ ಹಾಳೆ ನೋಡಿ ಬರಬೇಕಿತ್ತು. ನಾನು ಕುಳಿತಲ್ಲಿಂದಲೇ ಹೇಳಿದೆ: "ಅರಮನೆ ಮೇಲೆ ಬಾಂಬು ಬಿದ್ಮೇಲೆ ಉಳೀತಾನೇನೋ? ಸತ್ತ ಅಂತ ಹಾಕು."

ಮರುದಿನ ಉಳಿದ ಪತ್ರಿಕೆಗಳಲ್ಲೆಲ್ಲ ಆ ಸರ್ಕಾರದವರು ಕ್ಷೇಮವಾಗಿದ್ದರು. ನಮ್ಮಲ್ಲಿ ಮಾತ್ರ ಪ್ರಧಾನಿ ಸತ್ತಿದ್ದರು. ಮಾಲೀಕರು ಬರುವ ಮೊದಲೇ ನಾನು ಮಹಡಿ ಹತ್ತಿ ಸೂಜಿಯಿಂದ ಹಾಳೆ ಕಿತ್ತು ತಂದೆ. ಅಂಟು ಕುದಿಸುವ ಒಲೆಯ ಮುಂದೆ ನಿಂತು ಅದನ್ನು ಓದಿದೆ. 'ಪ್ರಧಾನಿ ಕ್ಷೇಮ' ಎಂದಿತ್ತು. ಒಲೆಗೆ ಹಾಕಿದೆ. ಕಾಪಿ, ಅಂದರೆ ಕೇಶವಯ್ಯ ಬರೆದ ಹಾಳೆ, ಎಲ್ಲಿ ಎಂದು ಮಾಲೀಕರು ಕೂಗಾಡಿದರು. ಕೇಶವಯ್ಯ ಎಲ್ಲ ಕಡೆ ಹುಡುಕಿ, ಕೊನೆಗೆ ಕೆಂಪಾದ ಕಣ್ಣು ಉಜ್ಜಿಕೊಂಡು, "ನಾನೇ ಹಾಗೆ ಬರೆದಿರ್ಬೇಕು ಸ್ವಾಮಿ," ಎಂದರು.

ಮಾಲೀಕರು ತಿದ್ದುಪಡಿ ಹಾಕಲು ಒಪ್ಪಲಿಲ್ಲ. "ಹಾಸನದಲ್ಲಿ ಅವನಿಗೆ ನೆಂಟರು ಯಾರ್ರೀ ಇದಾರೆ, ಬಂದು ಕೇಳೋಕೆ?" ಹೀಗಾಗಿ ಆ ಪ್ರಧಾನಿ ಅಧಿಕಾರದಲ್ಲಿದ್ದ ಅಷ್ಟು ದಿನವೂ ನಮ್ಮ ಪತ್ರಿಕೆಯಲ್ಲಿ ಅವರ ಹೆಸರು ಬರಲಿಲ್ಲ. ಸತ್ತವರು ಹೇಳಿಕೆ ಕೊಡುವುದು ಹೇಗೆ? 'ಕ್ರೊಯೇಷಿಯಾ ಸರ್ಕಾರ ತಿಳಿಸಿದೆ' ಎಂದಷ್ಟೇ ಹಾಕುತ್ತಿದ್ದೆವು. ಕೇಶವಯ್ಯನವರನ್ನು ಜಾಹೀರಾತಿಗೆ ಹಾಕಿದರು. ಹಸು ಮಾರಾಟಕ್ಕಿದೆ, ಮನೆ ಬಾಡಿಗೆಗಿದೆ ಎಂದು ಒಂದು ತಿಂಗಳು ಬರೆದುಕೊಂಡು, ಕೆಲಸ ಬಿಟ್ಟು ಅಕ್ಕಿ ಗಿರಣಿಯ ಗೋದಾಮಿಗೆ ಗುಮಾಸ್ತರಾಗಿ ಹೋದರು. ನಾನು ನಿವೃತ್ತನಾಗುವವರೆಗೂ ಅಲ್ಲೇ ಇದ್ದೆ.

ದೋಣಿಗಳ ಎದುರಿನ ಬೆಂಚು

ಎವರೆಟ್‌ನಲ್ಲಿ ಹಗಲು ಹೊತ್ತು ಮಾತಿಗೆ ಸಿಗುವವರು ನಾಯಿಗಳು. ಭಾರತಿ ಬೆಳಕು ಹರಿಯುವ ಮೊದಲೇ ಕಾರ್ಖಾನೆಗೆ ಹೋಗುತ್ತಿದ್ದಳು. ಬೀದಿಯಲ್ಲಿ ಬರುವವರು ನಾಯಿಯ ಹಿಂದೆ ಬರುತ್ತಾರೆ. ನಾಯಿ ನನ್ನ ಕಾಲು ಮೂಸಿದರೆ ಅದರ ಹೆಸರು ಹೇಳುತ್ತಾರೆ, ತಮ್ಮ ಹೆಸರು ಹೇಳುವುದಿಲ್ಲ. ಹತ್ತು ದಿನಕ್ಕೆ ನನಗೆ ಆರು ನಾಯಿಗಳ ಹೆಸರು ಗೊತ್ತಾಯಿತು. ನನ್ನ ಹೆಸರು ಯಾರಿಗೂ ಗೊತ್ತಾಗಲಿಲ್ಲ. ನಮ್ಮೂರಿನಲ್ಲಿ ಹೊಸಬ ಒಂದು ಬೀದಿಯಲ್ಲಿ ಎರಡು ಸಲ ಓಡಾಡಿದರೆ, ಯಾರ ಮನೆಗೆ ಬಂದಿದೀರಿ ಎಂದು ಜಗಲಿಯಿಂದ ಒಂದು ದನಿ ಬರುತ್ತದೆ. ಅದು ಕಿರಿಕಿರಿ ಎಂದುಕೊಂಡಿದ್ದೆ. ಅಲ್ಲಿ ಅದಕ್ಕಾಗಿ ಕಾದೆ.

ಆ ದನಿ ಬಂದದ್ದು ದೋಣಿಕಟ್ಟೆಯಲ್ಲಿ. ಮೀನಿನ ದೋಣಿಗಳ ಎದುರು ಒಂದು ಬೆಂಚಿದೆ. ನನ್ನ ವಯಸ್ಸಿನ ಒಬ್ಬ ದಪ್ಪ ಮನುಷ್ಯ ಫ್ಲಾಸ್ಕು ಇಟ್ಟುಕೊಂಡು ದಿನವೂ ಕುಳಿತಿರುತ್ತಿದ್ದ. ನಾನು ಅಲ್ಲಿಗೆ ಹೋಗತೊಡಗಿದ ನಾಲ್ಕನೆಯ ದಿನ ಅವನೇ ಕೇಳಿದ, ಯಾವ ದೇಶ ಎಂದು. ಹೇಳಿದೆ. ಅವನ ಹೆಸರು ಆಂಟೆ. ದೇಶ ಕ್ರೊಯೇಷಿಯಾ. ಮೀನು ಹಿಡಿಯುತ್ತಿದ್ದ ಚಿಕ್ಕಪ್ಪನ ದೋಣಿಗೆ ಯುದ್ಧ ಮುಗಿದ ಮೇಲೆ ಬಂದವನಂತೆ.

ಯುದ್ಧದ ಕಾಲದ ಪ್ರಧಾನಿಯ ಹೆಸರು ಹೇಳಿದೆ. ನಮ್ಮಿಬ್ಬರದೂ ಹರಕುಮುರುಕು ಇಂಗ್ಲಿಷ್, ಆದರೂ ಹೆಸರು ಮುಟ್ಟಿತು. ಅವನು ಫ್ಲಾಸ್ಕಿನ ಮುಚ್ಚಳ ಕೆಳಗಿಟ್ಟ.

"ಇಲ್ಲಿ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಆತನ ಬಗ್ಗೆ ಕೇಳಿಲ್ಲ. ನಿನಗೆ ಹೇಗೆ ಗೊತ್ತು?"

"ನಾನು ಅವರನ್ನು ಕೊಂದಿದ್ದೇನೆ," ಎಂದೆ. ಅಚ್ಚುಮನೆಯ ಕಥೆ ಹೇಳಿದೆ.

ಆಂಟೆ ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಂಚಿನ ಕೆಳಗಿದ್ದ ಕಡಲಹಕ್ಕಿ ಹಾರಿಹೋಯಿತು. "ನೀನು ಕೊಂದ ಮೇಲೂ ಆತ ಸುಮಾರು ದಿನ ಪ್ರಧಾನಿಯಾಗಿದ್ದ! ಕರೆಂಟಿಲ್ಲ, ರಸ್ತೆಯಿಲ್ಲ, ಮನೆ ಕಳೆದುಕೊಂಡವರು ಕಡಲತೀರದ ಹೋಟೆಲುಗಳ ತುಂಬ. ನಮ್ಮ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು ಒಂದು ಊಟದ ಮೇಜಿಗೆ ಕೂರುತ್ತಿರಲಿಲ್ಲ. ಆತ ಅಷ್ಟು ಪಕ್ಷಗಳನ್ನು ಒಂದು ಮೇಜಿಗೆ ಕೂರಿಸಿದ. ಒಂದು ವರ್ಷ, ಅಷ್ಟೇ. ಆಮೇಲೆ ಕುರ್ಚಿ ಬಿಟ್ಟು ಎದ್ದುಹೋದ."

"ಹಾಗೇ ಎದ್ದುಹೋದರೇ?"

"ಹಾಗೇ. ಅಂಥವರ ಪ್ರತಿಮೆ ನಿಲ್ಲಿಸುವುದಿಲ್ಲ." ಅವನ ನಗು ನಿಂತಿತ್ತು. "ಆ ಬಾಂಬಿನ ದಿನ ನಾವು ನೆಲಮಾಳಿಗೆಯಲ್ಲಿ ರೇಡಿಯೋ ಸುತ್ತ ಕೂತಿದ್ದೆವು. ಯಾರಿಗೂ ಏನೂ ಆಗಿಲ್ಲ ಎಂದು ಕೇಳಿದ ಮೇಲೆ ನನ್ನ ತಾಯಿ ಸೂಪು ಬಿಸಿಗಿಟ್ಟಳು. ನೀನು ಬರೆದದ್ದನ್ನು ಅವಳು ಕೇಳಿದ್ದರೆ ಆ ದಿನ ಒಲೆ ಹಚ್ಚುತ್ತಿರಲಿಲ್ಲ."

ಆಮೇಲೆ ಕೇಳಿದ, "ಆ ನಿನ್ನ ಗೆಳೆಯನಿಗೆ ಹೇಳಿದೆಯಾ?"

ಇಲ್ಲವೆಂದೆ.

"ನಮ್ಮ ಚರ್ಚಿನಲ್ಲಿ ಪಾದ್ರಿ ಪರದೆಯ ಹಿಂದೆ ಕೂರುತ್ತಾನೆ. ಮುಖ ನೋಡದೆ ಹೇಳಿಬಿಡಬಹುದು. ಪಾಪ, ನಿನಗೆ ಪರದೆ ಇಲ್ಲ," ಎಂದು ನನಗೂ ಒಂದು ಮುಚ್ಚಳ ಕಾಫಿ ಬಗ್ಗಿಸಿದ.

ಟೋಟೆಮ್ ಲೇಕ್

ಮುಂದಿನ ಸೋಮವಾರ ಭಾರತಿಗೆ ಹೇಳದೆ ಬಸ್ಸು ಹತ್ತಿದೆ. ಇಸ್ಸಾಕ್ವಾಕ್ಕೆ ಹೋಗಲು ನಡುವೆ ಒಂದು ಕಡೆ ಬಸ್ಸು ಬದಲಿಸಬೇಕು. ಚೀಲದಲ್ಲಿ ಕೇಶವಯ್ಯನವರಿಗೆ ಊರಿಂದ ತಂದ ಕಾಫಿಪುಡಿ ಇತ್ತು.

ಅಲ್ಲಿನ ಬಸ್ಸಿನಲ್ಲಿ ಕಂಡಕ್ಟರಿಲ್ಲ. ಇಳಿಯುವವರು ಕಿಟಕಿಯ ಪಕ್ಕದ ಹಳದಿ ದಾರ ಎಳೆಯಬೇಕು. ನಮ್ಮಲ್ಲಿ ಬಸ್ಸೆಂದರೆ ಒಂದು ಸಂತೆ. ಅಲ್ಲಿ ಮೂವತ್ತು ಜನ ಕುಳಿತಿದ್ದರೂ ದಾರ ಎಳೆದಾಗ ಆಗುವ ಸಣ್ಣ ಗಂಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೌನದಲ್ಲಿ ನನ್ನ ಮಾತನ್ನು ನಾನೇ ಹೇಳಿ ನೋಡಿಕೊಂಡೆ. 'ಕೇಶವಯ್ಯನೋರೇ, ಆ ದಿನ...' ಅಲ್ಲಿಗೆ ನಿಲ್ಲುತ್ತಿತ್ತು. ಬಸ್ಸು ಬದಲಿಸುವ ಜಾಗ ಇನ್ನೂ ಬಂದಿರಲಿಲ್ಲ; ಟೋಟೆಮ್ ಲೇಕ್ ಎಂಬ ಬೋರ್ಡು ಕಂಡಾಗ ನನ್ನ ಕೈ ತಾನಾಗಿ ದಾರ ಎಳೆಯಿತು.

ಅಂಗಡಿಗಳ ಸಾಲಿನ ಎದುರು ಒಂದು ಗಂಟೆ ಕೂತು, ಭಾರತಿಗೆ ಫೋನ್ ಮಾಡಿ, ದಾರಿ ತಪ್ಪಿತು ಎಂದೆ.

"ಅಯ್ಯೋ ಮಾವ, ಅಲ್ಲೇ ಕೂತ್ಕೊಳ್ಳಿ. ಎಲ್ಲೂ ಹೋಗ್ಬೇಡಿ. ಮೀಟಿಂಗ್ ಬಿಟ್ಟು ಬರ್ತಿದೀನಿ."

ಅವಳು ಬಂದು ಎದುರು ನಿಂತಾಗ ಇನ್ನೊಂದು ಸುಳ್ಳು ಸಾಕೆನಿಸಿತು. ಕಾರಿನಲ್ಲಿ ಕುಳಿತು ಎಲ್ಲ ಹೇಳಿದೆ. ಅವಳು ಕಾರು ಹೊರಡಿಸಲಿಲ್ಲ.

"ಫೋನಲ್ಲೇ ಸಾರಿ ಹೇಳ್ಬಿಡಬಹುದಿತ್ತಲ್ವಾ ಮಾವ, ಊರಿಂದಾನೇ?"

"ಫೋನು ಮಧ್ಯದಲ್ಲೇ ಇಟ್ಟುಬಿಟ್ರೆ?"

"ಅವರು ಇಡ್ತಾರೆ ಅಂತಾನಾ?"

"ನಾನು ಇಡ್ತೀನಿ ಅಂತ."

ಅವಳಿಗೆ ನಗು ಬಂತು, ತಡೆದುಕೊಂಡಳು. "ನಮ್ಮ ಕೆಲಸದಲ್ಲಿ ಒಂದು ಸ್ಕ್ರೂ ಬಿಗಿ ಮಾಡಿದ್ರೂ ಸೈನ್ ಹಾಕ್ಬೇಕು ಮಾವ. ಸೈನ್ ಇದೆ ಅಂದ್ರೆ ಆ ಮನುಷ್ಯ ಕಣ್ಣಾರೆ ನೋಡಿದಾನೆ ಅಂತ. ಆ ನಂಬಿಕೆ ಮೇಲೇ ಪ್ಲೇನ್ ಹಾರೋದು." ನನ್ನ ಕಡೆ ತಿರುಗಿ, "ನೀವು ಓದ್ದೆ ಸೈನ್ ಹಾಕಿದ್ರಾ?" ಎಂದಳು.

"ಹೂಂ."

"ಶನಿವಾರ ನಾನೇ ಡ್ರೈವ್ ಮಾಡ್ತೀನಿ," ಎಂದು ಕಾರು ಹೊರಡಿಸಿದಳು. ಮಗುವಾಗಿದ್ದಾಗ ಅವಳಿಗೆ ಅಕ್ಷರ ತಿದ್ದಿಸಿದವನು ನಾನು.

ಇಸ್ಸಾಕ್ವಾ, ಶನಿವಾರ

ಇಸ್ಸಾಕ್ವಾದಲ್ಲಿ ಬೆಟ್ಟದ ಮೈಯ ಮೇಲೆ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು. ಭಾರತಿ ನನ್ನನ್ನು ಬಾಗಿಲಲ್ಲಿ ಇಳಿಸಿ, "ಇದು ನೀವೇ ಹೋಗ್ಬೇಕು ಮಾವ," ಎಂದು ಹೊರಟುಹೋದಳು. ಕೇಶವಯ್ಯನವರ ಮಗಳು ವಸುಧಾ ಬಾಗಿಲು ತೆಗೆದಳು.

"ಬನ್ನಿ ಅಂಕಲ್. ಪೇಪರ್ ಆಫೀಸಿನವರು ಅಂತ ಅಪ್ಪನ್ನ ನೋಡೋಕೆ ಬಂದೋರು ನೀವೇ ಫಸ್ಟ್. ಬೆಳಿಗ್ಗೆಯಿಂದ ಶರ್ಟ್ ಬದಲಾಯಿಸ್ತಾನೇ ಇದಾರೆ."

ಕೇಶವಯ್ಯ ಬಡವಾಗಿದ್ದರು. ದನಿ ಮಾತ್ರ ಮಹಡಿಯಿಂದ ಅಚ್ಚುಮನೆಗೆ ಕೇಳುತ್ತಿದ್ದ ಅದೇ ದನಿ. "ಏನ್ರೀ ಸಿದ್ದರಾಜು, ಕೂದಲೆಲ್ಲ ಎಲ್ಲಿ ಉದುರಿಸ್ಕೊಂಡ್ರಿ? ಮೊಳೆ ಉದುರಿಸೋದು ಸಾಲ್ದು ಅಂತಾನಾ?"

ಹಾಸ್ಯಕ್ಕೆ ಹೇಳಿದ್ದು. ನಾನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದೆ.

ಊಟವಾದ ಮೇಲೆ ಅವರು ಮಾತ್ರೆಯ ಡಬ್ಬಿ ತೆರೆದು ಮಗಳ ಕಡೆ ಚಾಚಿದರು. "ವಸೂ, ಇದು ಮಧ್ಯಾಹ್ನದ್ದೇನಾ ನೋಡಮ್ಮ."

"ಅಪ್ಪ, ನೀವೇ ಜೋಡಿಸಿಟ್ಟಿದ್ದಲ್ವಾ?"

"ನಾನು ಜೋಡಿಸಿದ್ದು ಅಂತಾನೇ ನೋಡು ಅಂದದ್ದು."

ವಸುಧಾ ನನ್ನ ಕಡೆ ತಿರುಗಿ ನಕ್ಕಳು. "ಯಾವಾಗ್ಲೂ ಹೀಗೇ ಅಂಕಲ್. ಅಮ್ಮ ಓದಿ ಹೇಳಿದ ಮೇಲೇ ನನ್ನ ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕ್ತಿದ್ದಿದ್ದು. ನನ್ನ ಮದುವೆ ಕಾಗದ ನಾಲ್ಕು ಜನಕ್ಕೆ ಓದ್ಸಿದ್ರು. ಒಂದು ಲೆಟರ್ ಬರೀರಿ ಅಂದ್ರೆ ಬರಿಯಲ್ಲ."

"ಬರೀಬಾರ್ದು," ಎಂದರು ಕೇಶವಯ್ಯ. "ಇವರಿಗೆ ಗೊತ್ತು. ಕಣ್ಣೆದುರಿಗೆ ಕ್ಷೇಮ ಅಂತ ಇದ್ದಿದ್ದನ್ನ ಈ ಕೈ ಸತ್ತ ಅಂತ ಬರೀತು. ನಿದ್ದೆ ಇರ್ಲಿಲ್ಲ, ಒಪ್ಪಿದೆ. ಆದ್ರೂ ಅಂಥ ಕೈನ ಮತ್ತೆ ನಂಬೋದು ಹೇಗೆ?"

ಅವರು ಕೆಲಸ ಕಳೆದುಕೊಂಡರೆಂಬ ದುಃಖ ಹೊತ್ತು ನಾನು ಅಷ್ಟು ದೂರ ಬಂದಿದ್ದೆ. ಅವರಿಂದ ನಾನು ಕಸಿದದ್ದು ಕೆಲಸವಲ್ಲವೆಂದು ತಿಳಿದದ್ದು ಆ ಮಾತ್ರೆಯ ಡಬ್ಬಿ ನೋಡಿದಾಗ.

"ನೀವು ಬರೀಲಿಲ್ಲ ಸಾರ್," ಎಂದೆ. "ನಾನು ಹಾಕ್ಸಿದ್ದು."

ಪೂರ್ತಿ ಹೇಳಿದೆ. ಓದದೆ ಹಾಕಿದ 'ಸಿ', ಉದುರಿದ ಸಾಲು, ಹತ್ತದ ಮೆಟ್ಟಿಲು, ಅಂಟಿನ ಒಲೆ. ವಸುಧಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಕೂತಳು.

ಕೇಶವಯ್ಯ ಮಾತ್ರೆಯ ಡಬ್ಬಿ ಮುಚ್ಚಿ ಕೇಳಿದರು. "ಕಾಪೀಲಿ ಏನಿತ್ತು?"

"ಪ್ರಧಾನಿ ಕ್ಷೇಮ ಅಂತಿತ್ತು."

"ನೀವು ಓದಿದ್ರಾ?"

"ಒಲೆಗೆ ಹಾಕೋ ಮುಂಚೆ ಓದಿದೆ ಸಾರ್."

"ನನ್ನ ಕೈಬರಹವೇ?"

"ನಿಮ್ದೇ. ಮೂಲೇಲಿ 'ಕೇ' ಇತ್ತು."

"ಇನ್ನೊಂದ್ಸಲ ಹೇಳಿ."

ಹೇಳಿದೆ. ಅವರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಬೇರೆ ಯಾರದೋ ಕೈ ಎನ್ನುವಂತೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು, ಗೋಡೆ ಹಿಡಿದುಕೊಂಡು ಕೋಣೆಯ ಬಾಗಿಲವರೆಗೆ ಹೋಗಿ, "ವಸೂ, ಇವರನ್ನ ಬಿಟ್ಟು ಬಾಮ್ಮ," ಎಂದರು. ಬಾಗಿಲು ಮುಚ್ಚಿತು. ಕಾಫಿಪುಡಿಯ ಪೊಟ್ಟಣ ಚೀಲದಲ್ಲೇ ಉಳಿಯಿತು.

ಎವರೆಟ್‌ನ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ವಸುಧಾ ಕೇಳಿದಳು. "ಅಂಕಲ್, ಹದಿನಾಲ್ಕೇ ಮೆಟ್ಲಾ?"

"ಹದಿನಾಲ್ಕೇ ಅಮ್ಮ."

ಅವಳು ತಲೆಯಾಡಿಸಿ ಹೊರಟುಹೋದಳು.

ಮತ್ತೆ ಎವರೆಟ್

ಕಂಬದ ಮೇಲಿನ ಬೆಕ್ಕಿನ ಕಾಗದಗಳು ಮಳೆಗೆ ನೆಂದು ಬಣ್ಣ ಬಿಟ್ಟಿದ್ದವು. ಆಂಟೆ ಎರಡು ದಿನ ಬೆಂಚಿಗೆ ಬರಲಿಲ್ಲ. ಮೂರನೆಯ ದಿನ ಬಂದು, ನನ್ನ ಮುಖ ನೋಡಿ, ಕಾಫಿ ಬಗ್ಗಿಸಿದ. ಇಬ್ಬರೂ ದೋಣಿ ನೋಡುತ್ತಾ ಕೂತೆವು.

ನಾನು ಊರಿಗೆ ಹೊರಡುವ ವಾರ ಭಾರತಿ ಅಂಚೆಯ ಪೆಟ್ಟಿಗೆಯಿಂದ ಒಂದು ಲಕೋಟೆ ತಂದಳು. ಮೇಲೆ ನನ್ನ ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಆ ದೇಶದಲ್ಲಿ ನನ್ನ ಹೆಸರು ಬರೆದವರು ಕೇಶವಯ್ಯನವರೊಬ್ಬರೇ. ಒಳಗೆ ಒಂದೇ ಹಾಳೆ.

'ಅರಮನೆ ಮೇಲೆ ಬಾಂಬ್: ಕ್ರೊಯೇಷಿಯಾ ಪ್ರಧಾನಿ ಕ್ಷೇಮ' ಎಂಬ ತಲೆಬರಹ. ಕೆಳಗೆ ಆರು ಸಾಲು. ಬಾಂಬು ಬಿದ್ದುದು, ಸರ್ಕಾರದ ಯಾರಿಗೂ ಅಪಾಯವಾಗದೆ ಇದ್ದುದು, ಎಲ್ಲ ಪಕ್ಷಗಳ ಮಂತ್ರಿಮಂಡಲವನ್ನು ಆ ಪ್ರಧಾನಿ ಸುಮಾರು ಒಂದು ವರ್ಷ ನಡೆಸಿ ಇಳಿದುದು. ಕೈ ನಡುಗಿದ ಅಕ್ಷರ, ಆದರೆ ಒಂದು ಕಡೆಯೂ ಹೊಡೆದು ಬರೆದಿರಲಿಲ್ಲ. ನನಗೆ ಎಂದು ಒಂದು ಮಾತೂ ಇರಲಿಲ್ಲ.

ಅಭ್ಯಾಸದಂತೆ ಬೆರಳಿಟ್ಟುಕೊಂಡು ಅಕ್ಷರ ಅಕ್ಷರ ಓದಿದೆ. ತಪ್ಪಿರಲಿಲ್ಲ. ಬಲ ಮೇಲ್ತುದಿಯಲ್ಲಿ 'ಕೇ' ಇತ್ತು. ಪೆನ್ನು ತೆಗೆದುಕೊಂಡು, ಓದಿದ್ದೇನೆಂದು ನಾನು 'ಸಿ' ಹಾಕಬೇಕಾದ ಎಡ ಕೆಳತುದಿಗೆ ಬಂದೆ.

ಅಲ್ಲೂ 'ಕೇ' ಇತ್ತು.